ಹಳೆ ಕ್ಯಾಸೆಟ್ಟಿನ ಗುಂಯ್ ಸದ್ದು ತೆಗೆಯುವುದು ಹೇಗೆ? ಶ್ರುತಿ, ದನಿ ಎರಡೂ ಕೆಡದಂತೆ

ಮದುವೆ ಮನೆಯಲ್ಲಿ ಅಜ್ಜಿ ಹೇಳಿದ ಸೋಬಾನೆ ಪದ, ಊರ ದೇವಸ್ಥಾನದಲ್ಲಿ ರಾತ್ರಿಯಿಡೀ ನಡೆದ ತಾಳಮದ್ದಲೆ, ಸೋದರಮಾವ ಹಾಡಿದ ದೇವರನಾಮ. ಇಂಥ ಕ್ಯಾಸೆಟ್ಟುಗಳು ಇನ್ನೂ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡವರು ಮೊದಲು ಕೇಳುವುದು ಇದನ್ನೇ: ಹಿಂದಿನಿಂದ ಬರುವ ಆ ಗುಂಯ್ ಸದ್ದನ್ನು ತೆಗೆಯೋದು ಹೇಗೆ?

ಖರ್ಚಿಲ್ಲದೆ ತೆಗೆಯಬಹುದು. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ 2000ನೇ ಇಸವಿಯಿಂದ ಸಿಗುತ್ತಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇಲ್ಲಿ ಹೇಳುವ ಕೆಲಸಕ್ಕೆಲ್ಲ ಅದೊಂದೇ ಸಾಕು.

ಶುರು ಮಾಡುವ ಮೊದಲು ಒಂದು ವಿಷಯ ಗೊತ್ತಿರಬೇಕು. ಯಾವುದು ಹಾಡು, ಯಾವುದು ಗದ್ದಲ ಅಂತ ಈ ಸಾಫ್ಟ್‌ವೇರಿಗೆ ತಿಳಿಯುವುದಿಲ್ಲ. ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದು ಅದರ ಲೆಕ್ಕದಲ್ಲಿ ಬೇಡದ್ದು. ನಮ್ಮ ಸಂಗೀತದಲ್ಲಿ ಒಂದೇ ಸಮನೆ ಬರುವುದು ತಂಬೂರಿ. ಯಕ್ಷಗಾನದಲ್ಲಿ ಶ್ರುತಿಪೆಟ್ಟಿಗೆ. ಇಂಗ್ಲಿಷ್ ವಿಡಿಯೋಗಳಲ್ಲಿ ಹೇಳುವ ಅಂಕಿಗಳು ಹೆಚ್ಚಾಗಿ ಬರೀ ಮಾತಿನ ರೆಕಾರ್ಡಿಂಗಿಗೆ ಹೊಂದುವಂಥವು. ಅವನ್ನೇ ಕಣ್ಣುಮುಚ್ಚಿ ಹಾಕಿದರೆ ಗುಂಯ್ ಸದ್ದಿನ ಜೊತೆ ಶ್ರುತಿಯೂ ಹೋಗುತ್ತದೆ. ಉಳಿಯುವುದು ಬೋಳು ದನಿ, ಅದೂ ನೀರಿನೊಳಗಿಂದ ಬಂದಂತೆ. ಅದಕ್ಕೇ ಈ ಲೇಖನದಲ್ಲಿ ಎಷ್ಟು ತೆಗೆಯಬೇಕು ಅನ್ನುವಷ್ಟೇ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೂ ಹೇಳಿದ್ದೇನೆ.

ಕಂಪ್ಯೂಟರಿಗೆ ಇಳಿಸುವಾಗ

ಇಲ್ಲಿ ಎಚ್ಚರ ವಹಿಸಿದರೆ ಸಾಫ್ಟ್‌ವೇರ್‌ನಲ್ಲಿ ಮಾಡುವ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಮೊದಲು ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿ ನೋಡಿ. ಮಲೆನಾಡು, ಕರಾವಳಿಯ ತೇವಕ್ಕೆ ಸುರುಳಿಯ ಅಂಚಿನಲ್ಲಿ ಬಿಳಿ ಬೂಸ್ಟು ಹಿಡಿದಿರುತ್ತದೆ. ಹಾಗಿದ್ದರೆ ಪ್ಲೇಯರಿಗೆ ಹಾಕಲೇಬೇಡಿ. ಬೂಸ್ಟು ಟೇಪನ್ನು ಓದುವ ಹೆಡ್ಡಿಗೆ ಹತ್ತಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಅದನ್ನು ಅನುಭವ ಇದ್ದವರ ಕೈಗೆ ಕೊಡಿ.

ಪ್ಲೇಯರಿನ ಹೆಡ್ಡನ್ನೂ ರಬ್ಬರ್ ರೋಲರನ್ನೂ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಹೆಡ್ಡು ಟೇಪಿಗೆ ಎಷ್ಟು ನೇರವಾಗಿ ನಿಲ್ಲಬೇಕು ಅನ್ನುವುದನ್ನು ಅದು ಹೊಂದಿಸುತ್ತದೆ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ದನಿ ಅತ್ಯಂತ ತಿಳಿಯಾಗಿ ಕೇಳಿಸುವಲ್ಲಿ ಬಿಡಿ. ಇದರಿಂದ ಬರುವ ಸ್ಪಷ್ಟತೆಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಪ್ಲೇಯರಿನಿಂದ ಲ್ಯಾಪ್‌ಟಾಪಿಗೆ ವೈರ್ ಜೋಡಿಸಿದ ಕೂಡಲೇ ಗುಂಯ್ ಅಂದರೆ ಸದ್ದು ಟೇಪಿನಲ್ಲಿದೆ ಅಂತ ತೀರ್ಮಾನಿಸಬೇಡಿ. ಕ್ಯಾಸೆಟ್ ನಿಲ್ಲಿಸಿ ಕೇಳಿ. ಆಗಲೂ ಬರುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ. ಎಷ್ಟೋ ಸಲ ಸದ್ದು ಅಲ್ಲಿಗೇ ನಿಲ್ಲುತ್ತದೆ. ಪ್ಲೇಯರ್ ಒಂದು ಪ್ಲಗ್ಗಿನಿಂದ, ಲ್ಯಾಪ್‌ಟಾಪ್ ಇನ್ನೊಂದರಿಂದ ಕರೆಂಟ್ ತಗೊಂಡು, ನಡುವೆ ಆಡಿಯೋ ವೈರ್ ಇದ್ದಾಗ ಅರ್ಥಿಂಗಿನ ದಾರಿ ಒಂದು ಸುತ್ತಾಗುತ್ತದೆ. ಗುಂಯ್ ಹುಟ್ಟುವುದು ಆ ಸುತ್ತಿನಲ್ಲಿ. ಪ್ಲೇಯರನ್ನೂ ಸೆಲ್ ಹಾಕಿ ನಡೆಸಲು ಆಗುವುದಾದರೆ ಇನ್ನೂ ಒಳ್ಳೆಯದು. ಹೀಗೆ ನಿಲ್ಲಿಸಬಹುದಾದ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ಫಿಲ್ಟರ್ ಹಾಕುವುದು ಸುಮ್ನೆ ದಂಡ.

ಆಡಾಸಿಟಿಯಲ್ಲಿ 44,100 ಅಥವಾ 48,000 ಹರ್ಟ್ಸ್, 24 ಬಿಟ್ ಇಟ್ಟು ರೆಕಾರ್ಡ್ ಮಾಡಿ. ಚಂಡೆ ಜೋರಾಗಿ ಬಡಿದಾಗಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಹಾಡು ಶುರುವಾಗುವ ಮೊದಲಿನ ಖಾಲಿ ಭಾಗ, ಎರಡು ಹಾಡಿನ ನಡುವಿನ ಮೌನ, ಕೆಮ್ಮು, ಕುರ್ಚಿ ಎಳೆದ ಸದ್ದು ಯಾವುದನ್ನೂ ಈಗಲೇ ಕತ್ತರಿಸಬೇಡಿ. ಆ ಖಾಲಿ ಜಾಗಗಳೇ ಮುಂದೆ ನಿಮ್ಮ ಬಂಡವಾಳ.

ಮುಗಿದ ಮೇಲೆ ವೇವ್ ಫೈಲಾಗಿ ಉಳಿಸಿ, ಹೆಸರಿನಲ್ಲಿ "ಮೂಲ" ಅಂತ ಸೇರಿಸಿ. ಅದನ್ನು ಮತ್ತೆ ಮುಟ್ಟಬಾರದು. ಕೆಲಸವೆಲ್ಲ ಪ್ರತಿಯ ಮೇಲೆ. ಜಮೀನಿನ ಮಾತುಕತೆಯಂತಹ, ನಾಳೆ ಕೋರ್ಟಿಗೆ ಬೇಕಾಗಬಹುದಾದ ರೆಕಾರ್ಡಿಂಗ್ ಆಗಿದ್ದರಂತೂ ಮೂಲಕ್ಕೆ ಕೈ ಹಾಕಲೇಬೇಡಿ.

ಎರಡು ಚಾನಲ್ ಇದ್ದರೆ ಒಂದು ಮಾಡಿ

ಮನೆಯ ಟೇಪ್ ರೆಕಾರ್ಡರ್‌ಗಳಲ್ಲಿ ಬಹುಪಾಲು ಮೋನೊ. ಅದರಲ್ಲಿ ಮಾಡಿದ ಕ್ಯಾಸೆಟ್ಟನ್ನು ಸ್ಟೀರಿಯೊ ಪ್ಲೇಯರಿನಲ್ಲಿ ಹಾಕಿದಾಗ ಎಡ, ಬಲ ಎರಡರಲ್ಲೂ ಅದೇ ಹಾಡು ಬರುತ್ತದೆ. ಆದರೆ ಟೇಪಿನ ಸುಯ್ ಸದ್ದು ಎರಡರಲ್ಲೂ ಬೇರೆ ಬೇರೆ. ಎರಡನ್ನೂ ಕೂಡಿಸಿದರೆ ಹಾಡು ಒಂದರ ಮೇಲೊಂದು ಸರಿಯಾಗಿ ಕೂರುತ್ತದೆ, ಸುಯ್ ಸದ್ದು ಕೂರುವುದಿಲ್ಲ. ಸುಮಾರು 3 ಡೆಸಿಬೆಲ್ ಲಾಭ, ಏನೂ ಕೆಡದೆ. ಟ್ರ್ಯಾಕ್ಸ್ ಮೆನುವಿನ ಮಿಕ್ಸ್‌ನಲ್ಲಿ ಸ್ಟೀರಿಯೊವನ್ನು ಮೋನೊ ಮಾಡುವ ಆಯ್ಕೆ ಇದೆ. ಕೂಡಿಸಿದ ಮೇಲೆ ದನಿ ಮಂಕಾದರೆ ಹೆಡ್ಡಿನ ತಿರುಪು ಸರಿಯಿರಲಿಲ್ಲ ಅಂತ ಅರ್ಥ. ಆಗ ಕೂಡಿಸುವುದನ್ನು ಬಿಟ್ಟು, ಎರಡರಲ್ಲಿ ಚೆನ್ನಾಗಿರುವ ಒಂದು ಚಾನಲ್ ಇಟ್ಟುಕೊಳ್ಳಿ.

ಗುಂಯ್ ಎಲ್ಲಿದೆ ಅಂತ ಕಣ್ಣಿಂದ ನೋಡಿ

ನಮ್ಮ ಮನೆಗಳಿಗೆ ಬರುವ ಕರೆಂಟ್ 50 ಹರ್ಟ್ಸ್. ಅದರ ಗುಂಯ್ ಬರುವುದು 50ರಲ್ಲಿ, ಜೊತೆಗೆ ಅದರ ಮಗ್ಗಿಯಲ್ಲಿ: 100, 150, 200, 250 ಹೀಗೆ. ಹಳೆ ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಟ್ಟುವುದು 100ರಲ್ಲಿ. ಅಮೆರಿಕದಲ್ಲಿ ಕರೆಂಟ್ 60 ಹರ್ಟ್ಸ್. ಅಲ್ಲಿನ ಕನ್ನಡ ಕೂಟದ ಕಾರ್ಯಕ್ರಮದ ಕ್ಯಾಸೆಟ್ ಆದರೆ 60, 120, 180ರಲ್ಲಿ ಹುಡುಕಿ.

ಹಾಡಿಲ್ಲದ, ಗುಂಯ್ ಮಾತ್ರ ಇರುವ ಎರಡು ಮೂರು ಸೆಕೆಂಡನ್ನು ಮೌಸಿನಿಂದ ಆರಿಸಿ. ಅನಲೈಜ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ಒತ್ತಿ. ಅದರಲ್ಲಿ ಸೈಜ್ ಅನ್ನುವುದನ್ನು 65536ಕ್ಕೆ ಏರಿಸಿ, ಆಕ್ಸಿಸ್ ಅನ್ನುವುದನ್ನು ಲಾಗ್ ಮಾಡಿ. ಸೈಜ್ 2048ರಲ್ಲೇ ಬಿಟ್ಟರೆ ಒಂದೊಂದು ಮೆಟ್ಟಿಲೂ 21 ಹರ್ಟ್ಸ್‌ನಷ್ಟು ಅಗಲ. 50 ಯಾವುದು, 60 ಯಾವುದು ಅಂತಲೂ ಗೊತ್ತಾಗುವುದಿಲ್ಲ. 65536ರಲ್ಲಿ ಒಂದು ಹರ್ಟ್ಸ್‌ಗಿಂತ ಕಡಿಮೆ. ಎದ್ದು ನಿಂತ ಮುಳ್ಳುಗಳ ಮೇಲೆ ಮೌಸ್ ಇಟ್ಟರೆ ಅವುಗಳ ನಿಖರ ಜಾಗ ತೋರಿಸುತ್ತದೆ. ಬರೆದಿಟ್ಟುಕೊಳ್ಳಿ.

ಆ ಮುಳ್ಳು 50ರಲ್ಲಿ ಇಲ್ಲದೆ 51.5ರಲ್ಲಿ ಸಿಕ್ಕಿತು ಅಂದುಕೊಳ್ಳಿ. ಇದು ಒಳ್ಳೆಯ ಸುಳಿವು. ಅಂದು ಟೇಪಿಗೆ ಇಳಿದ 50 ಹರ್ಟ್ಸ್ ಗುಂಯ್ ಇವತ್ತು 51.5 ಆಗಿದ್ದರೆ ಕ್ಯಾಸೆಟ್ ಶೇಕಡ 3ರಷ್ಟು ಜೋರಾಗಿ ಓಡುತ್ತಿದೆ. ಅಜ್ಜಿಯ ದನಿಯೂ ಅಷ್ಟೇ ಏರಿದೆ. ಚೇಂಜ್ ಸ್ಪೀಡ್ ಅಂಡ್ ಪಿಚ್ ಎಫೆಕ್ಟಿನಲ್ಲಿ ವೇಗವನ್ನು 0.971ಕ್ಕೆ ಇಳಿಸಿ. 50ನ್ನು 51.5ರಿಂದ ಭಾಗಿಸಿದರೆ ಬರುವ ಅಂಕಿ ಅದು. ಶೇಕಡ 6 ಹೆಚ್ಚಾದರೆ ಶ್ರುತಿ ಹಾರ್ಮೋನಿಯಂನ ಪೂರ್ತಿ ಒಂದು ಮನೆ ಏರುತ್ತದೆ, ಕಪ್ಪು ಒಂದು ಹೋಗಿ ಬಿಳಿ ಎರಡಾಗುತ್ತದೆ. ಭಾಗವತರ ದನಿ ಬಲ್ಲವರಿಗೆ ಕೂಡಲೇ ಗೊತ್ತಾಗುವಷ್ಟು ವ್ಯತ್ಯಾಸ.

ಇಲ್ಲಿ ಎರಡು ಎಚ್ಚರ. ಇವತ್ತಿನ ನಿಮ್ಮ ವೈರಿನಿಂದ ಬಂದ ಗುಂಯ್ ಯಾವಾಗಲೂ 50ರಲ್ಲೇ ಇರುತ್ತದೆ, ಅದಕ್ಕೂ ಟೇಪಿಗೂ ಸಂಬಂಧ ಇಲ್ಲ. ಅಕ್ಕಪಕ್ಕ ಎರಡು ಮುಳ್ಳು ಕಂಡರೆ ಒಂದು ಇಂದಿನದು, ಒಂದು ಅಂದಿನದು. ಎರಡನೆಯದು, ಅಂದಿನ ಕರೆಂಟೇ ಅಷ್ಟು ಸ್ಥಿರವಾಗಿರಲಿಲ್ಲ. ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿನ ಜೊತೆ ಒಂದಾಗಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರ ಲೈನ್ ಚಾಲೂ ಆದಾಗ. ಕ್ಯಾಸೆಟ್ ಕಾಲದಲ್ಲಿ ಬೇಡಿಕೆ ಹೆಚ್ಚಾದ ಹೊತ್ತಿನಲ್ಲಿ 50 ಇರಬೇಕಾದ್ದು 48ರ ಹತ್ತಿರಕ್ಕೂ ಇಳಿಯುತ್ತಿತ್ತು. ಹಾಗಾಗಿ ಈ ಲೆಕ್ಕವನ್ನು ಅಂದಾಜು ಅಂತಲೇ ತಗೊಳ್ಳಿ. ಹಾಡಿದವರ ಶ್ರುತಿ ಗೊತ್ತಿದ್ದರೆ ಅದಕ್ಕೆ ತಾಳೆ ನೋಡಿ ಕೊನೆಯ ತೀರ್ಮಾನ ಮಾಡಿ. ಸೆಲ್ ಹಾಕಿ ರೆಕಾರ್ಡ್ ಮಾಡಿದ್ದರೆ ಟೇಪಿನಲ್ಲಿ ಸಾಮಾನ್ಯವಾಗಿ ಗುಂಯ್ ಇರುವುದಿಲ್ಲ, ಆಗ ಶ್ರುತಿಯೊಂದೇ ದಾರಿ.

ವೇಗ ಸರಿಮಾಡಿದ ಮೇಲೆ ಮುಳ್ಳುಗಳೂ ಜಾಗ ಬದಲಿಸುತ್ತವೆ. ಪ್ಲಾಟ್ ಸ್ಪೆಕ್ಟ್ರಮ್ ಇನ್ನೊಮ್ಮೆ ನೋಡಿ ಹೊಸ ಅಂಕಿ ಬರೆದುಕೊಳ್ಳಿ.

ಗುಂಯ್ ತೆಗೆಯುವುದು

ಬರೀ ಹೆಂಗಸರ ಹಾಡು ಅಥವಾ ಮಾತು ಇದ್ದು, ವಾದ್ಯ ಏನೂ ಇಲ್ಲದಿದ್ದರೆ ಸುಲಭದ ದಾರಿ ಇದೆ. ಹೆಂಗಸರ ದನಿ ಸಾಮಾನ್ಯವಾಗಿ 150 ಹರ್ಟ್ಸ್‌ಗಿಂತ ಕೆಳಗೆ ಇಳಿಯುವುದಿಲ್ಲ. ಹೈಪಾಸ್ ಫಿಲ್ಟರ್ (ಕೊಟ್ಟ ಅಂಕಿಗಿಂತ ಕೆಳಗಿನ ಸದ್ದನ್ನು ತಡೆಯುವಂಥದು) ತೆರೆದು 120 ಹರ್ಟ್ಸ್, 48 ಡೆಸಿಬೆಲ್ ಇಳಿಜಾರು (ರೋಲ್-ಆಫ್) ಕೊಡಿ. 50 ಪೂರ್ತಿ ಹೋಗುತ್ತದೆ, 100 ಬಹುಪಾಲು ಹೋಗುತ್ತದೆ. ಸೋಬಾನೆ ಪದ, ಬೀಸುವ ಪದಕ್ಕೆ ಎಷ್ಟೋ ಸಲ ಇಷ್ಟೇ ಸಾಕು.

ಗಂಡಸರ ದನಿ, ತಂಬೂರಿ, ಮದ್ದಲೆ, ತಬಲಾ ಇದ್ದರೆ ಹೀಗೆ ಸಾರಾಸಗಟು ಕತ್ತರಿಸಬಾರದು. ತಂಬೂರಿಯ ಕೆಳಗಿನ ತಂತಿ 70 ಹರ್ಟ್ಸ್ ಹತ್ತಿರವೂ ಇರುತ್ತದೆ. ಹೈಪಾಸ್ 40ಕ್ಕೆ ನಿಲ್ಲಲಿ. ಮಿಕ್ಕಿದ್ದಕ್ಕೆ ನಾಚ್ ಫಿಲ್ಟರ್. ಅದು ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಒಂದು ಸಣ್ಣ ಜಾಗವನ್ನು ಮಾತ್ರ ತೆಗೆಯುತ್ತದೆ.

ನಾಚ್ ಫಿಲ್ಟರಿನಲ್ಲಿ ಎರಡೇ ಖಾನೆ: ಫ್ರೀಕ್ವೆನ್ಸಿ ಮತ್ತು ಕ್ಯೂ. ಫ್ರೀಕ್ವೆನ್ಸಿಯನ್ನು ಕ್ಯೂನಿಂದ ಭಾಗಿಸಿದರೆ ತೆಗೆಯುವ ಪಟ್ಟಿಯ ಅಗಲ ಸಿಗುತ್ತದೆ. 50 ಹರ್ಟ್ಸ್‌ಗೆ ಕ್ಯೂ 1 ಇಟ್ಟರೆ ಅಗಲ 50 ಹರ್ಟ್ಸ್, ಅಂದರೆ ದೊಡ್ಡ ಗುಂಡಿ. ಕ್ಯೂ 10 ಇಟ್ಟರೆ 5 ಹರ್ಟ್ಸ್. 50 ಮತ್ತು 100ಕ್ಕೆ ಕ್ಯೂ 10ರ ಆಸುಪಾಸು ಚೆನ್ನಾಗಿ ಕೂರುತ್ತದೆ. ಕ್ಯಾಸೆಟ್ಟಿನ ವೇಗ ಸ್ವಲ್ಪ ಅಲುಗಾಡುವುದರಿಂದ ಗುಂಯ್ ಕೂಡ ಅಲುಗಾಡುತ್ತದೆ. ಕ್ಯೂ ತೀರಾ ಜಾಸ್ತಿ ಮಾಡಿದರೆ ಅದು ಕೈಗೆ ಸಿಗದೆ ಜಾರುತ್ತದೆ.

ಸಂಗೀತದವರು ಗಮನಿಸಬೇಕಾದ್ದು 150ರಲ್ಲಿ. ಬಿಳಿ ಎರಡು ಶ್ರುತಿಯ ಷಡ್ಜ, ಅಂದರೆ 'ಸ' ಸ್ವರ, ಸುಮಾರು 147 ಹರ್ಟ್ಸ್. 150ಕ್ಕೆ ಕ್ಯೂ 10 ಇಟ್ಟು ನಾಚ್ ಹಾಕಿದರೆ 142ರಿಂದ 157ರವರೆಗೆ ಗುಂಡಿ ಬೀಳುತ್ತದೆ, ಗಾಯಕರ ಷಡ್ಜವೇ ಅದರೊಳಗೆ ಬೀಳುತ್ತದೆ. ಹೆಂಗಸರ ಬಿಳಿ ಐದು ಶ್ರುತಿಗೆ ಷಡ್ಜ 196, ಪಕ್ಕದಲ್ಲೇ 200ರ ಗುಂಯ್. ಇಂಥಲ್ಲಿ ಕ್ಯೂವನ್ನು 30ಕ್ಕೋ ಅದಕ್ಕಿಂತ ಮೇಲಕ್ಕೋ ಏರಿಸಿ. ಆಗಲೂ ಷಡ್ಜ ತೆಳುವಾಗಿ ಕೇಳಿಸಿದರೆ ಆ ನಾಚನ್ನು ಬಿಟ್ಟುಬಿಡಿ. ಷಡ್ಜದ ಹತ್ತಿರವೇ ಇರುವ ಸಣ್ಣ ಗುಂಯ್ ಹಾಡಿನ ನಡುವೆ ಅಷ್ಟಾಗಿ ಕೇಳಿಸುವುದಿಲ್ಲ. ಷಡ್ಜ ಸೊರಗಿದ್ದು ಮಾತ್ರ ಎಲ್ಲರಿಗೂ ಕೇಳಿಸುತ್ತದೆ.

ಪ್ಲಾಟ್‌ನಲ್ಲಿ ಎದ್ದು ಕಂಡ ಮುಳ್ಳುಗಳಿಗೆ ಮಾತ್ರ ನಾಚ್ ಹಾಕಿ. ಮಗ್ಗಿ ಇದೆ ಅಂತ 1000ದವರೆಗೆ ಹಾಕುತ್ತಾ ಹೋಗಬೇಡಿ. ಒಂದೊಂದು ಹಾಕಿದ ಮೇಲೂ ಹಾಡಿನ ಭಾಗ ಕೇಳಿ, ಬೇಡ ಅನಿಸಿದರೆ ಕಂಟ್ರೋಲ್ ಜೆಡ್.

ಸುಯ್ ಸದ್ದು, ಫ್ಯಾನು, ಕೋಣೆಯ ಗದ್ದಲ

ಈಗ ನಾಯ್ಸ್ ರಿಡಕ್ಷನ್. ಎಫೆಕ್ಟ್ ಮೆನುವಿನ ನಾಯ್ಸ್ ರಿಮೂವಲ್ ಅಂಡ್ ರಿಪೇರ್ ಒಳಗಿದೆ. ಇದು ಎರಡು ಹೆಜ್ಜೆಯ ಕೆಲಸ. ಮೊದಲು ಬರೀ ಗದ್ದಲ ಇರುವ ತುಣುಕು ಆರಿಸಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಬೇಕು. ಕಿಟಕಿ ತಾನಾಗೇ ಮುಚ್ಚುತ್ತದೆ. ಆಮೇಲೆ ಪೂರ್ತಿ ಟ್ರ್ಯಾಕ್ ಆರಿಸಿ, ಮತ್ತೆ ಅದೇ ಎಫೆಕ್ಟ್ ತೆರೆದು ಅಂಕಿ ಕೊಟ್ಟು ಓಕೆ ಒತ್ತಬೇಕು.

ಯಾವ ತುಣುಕು ಆರಿಸುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕ್ಯಾಸೆಟ್ಟಿನ ತೀರಾ ಆರಂಭದಲ್ಲಿ ರೆಕಾರ್ಡೇ ಆಗದ ಖಾಲಿ ಟೇಪ್ ಇರುತ್ತದೆ. ಅದನ್ನು ಆರಿಸಬೇಡಿ, ಅಲ್ಲಿ ಕೋಣೆಯ ಸದ್ದಿಲ್ಲ. ರೆಕಾರ್ಡ್ ಗುಂಡಿ ಒತ್ತಿದ 'ಟಕ್' ಸದ್ದಿನ ನಂತರದ್ದು ಬೇಕು. ತಂಬೂರಿಯೋ ಶ್ರುತಿಪೆಟ್ಟಿಗೆಯೋ ಶುರುವಾಗಿದ್ದರೆ ಅದೂ ಬೇಡ. ಹಾಡುವವರು ಉಸಿರು ತಗೊಳ್ಳುವ ಜಾಗ ಖಾಲಿ ಅನಿಸುತ್ತದೆ, ಆದರೆ ಅಲ್ಲಿ ಶ್ರುತಿ ತುಂಬಿರುತ್ತದೆ. ಅದನ್ನು ಮಾದರಿಯಾಗಿ ಕೊಟ್ಟರೆ ಇಡೀ ಕಚೇರಿಯಿಂದ ತಂಬೂರಿಯನ್ನು ಅಳಿಸು ಅಂತ ಹೇಳಿದ ಹಾಗೆ. ಶ್ರುತಿ ಹಿಡಿಯುವ ಮೊದಲಿನ ಅಥವಾ ನಿಲ್ಲಿಸಿದ ಮೇಲಿನ ಒಂದು ಸೆಕೆಂಡು ಸಿಕ್ಕರೂ ಸಾಕು. ಅರ್ಧ ಸೆಕೆಂಡಿನಲ್ಲೂ ಕೆಲಸ ನಡೆಯುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಹಳೆ ಟೇಪ್ ರೆಕಾರ್ಡರ್‌ಗಳಲ್ಲಿ ದನಿ ಸಣ್ಣದಾದಾಗ ತಾನಾಗೇ ವಾಲ್ಯೂಮ್ ಏರಿಸುವ ಏರ್ಪಾಡು ಇರುತ್ತಿತ್ತು. ಅಜ್ಜಿ ಹಾಡು ನಿಲ್ಲಿಸಿದ ಮೇಲೆ ಫ್ಯಾನಿನ ಸದ್ದು ನಿಧಾನಕ್ಕೆ ಉಬ್ಬಿ ಬರುವುದು ಕೇಳಿದ್ದೀರಲ್ವಾ? ಅದೇ ಇದು. ಉದ್ದನೆಯ ಮೌನದ ಕೊನೆಯಲ್ಲಿ ಮಾದರಿ ತೆಗೆದರೆ ಗದ್ದಲ ನಿಜಕ್ಕಿಂತ ದೊಡ್ಡದು ಅಂತ ಸಾಫ್ಟ್‌ವೇರ್ ತಿಳಿದುಕೊಳ್ಳುತ್ತದೆ, ಮೆಲ್ಲನೆಯ ಸ್ವರಗಳನ್ನೂ ತಿಂದುಹಾಕುತ್ತದೆ. ಹಿಂದೆ ಶ್ರುತಿ ಇಲ್ಲದ ಹಾಡಾದರೆ ಸಾಲು ಮುಗಿದ ಕೂಡಲೇ ಬರುವ ಸಣ್ಣ ಬಿಡುವಿನಿಂದ ಮಾದರಿ ತೆಗೆಯಿರಿ.

ಅಂಕಿಗಳ ವಿಷಯ. ಹಾಡಿಗೆ ನಾಯ್ಸ್ ರಿಡಕ್ಷನ್ 6 ಡೆಸಿಬೆಲ್, ಸೆನ್ಸಿಟಿವಿಟಿ 3 ಅಥವಾ 4, ಫ್ರೀಕ್ವೆನ್ಸಿ ಸ್ಮೂದಿಂಗ್ 0ಯಿಂದ 3ರ ಒಳಗೆ. ಬರೀ ಮಾತಿಗೆ 9ರಿಂದ 12 ಡೆಸಿಬೆಲ್, ಸೆನ್ಸಿಟಿವಿಟಿ 6, ಸ್ಮೂದಿಂಗ್ 6 ತಡೆದುಕೊಳ್ಳುತ್ತದೆ. ಇವು ಶುರು ಮಾಡಲು ಒಂದು ಜಾಗ, ಅಷ್ಟೇ.

ಇನ್ನು ನನಗೆ ಬಹಳ ಮೆಚ್ಚಿನ ಗುಂಡಿ. ಅದೇ ಕಿಟಕಿಯಲ್ಲಿ ರೆಸಿಡ್ಯೂ ಅಂತ ಇದೆ. ಅದನ್ನು ಒತ್ತಿ ಪ್ರಿವ್ಯೂ ಕೇಳಿದರೆ ಸಾಫ್ಟ್‌ವೇರ್ ತೆಗೆದು ಎಸೆಯಲಿರುವ ಸದ್ದು ಮಾತ್ರ ಕೇಳಿಸುತ್ತದೆ. ಅದರಲ್ಲಿ ಬರೀ ಸುಯ್, ಫ್ಯಾನು ಇದ್ದರೆ ಸರಿ. ಹಾಡಿನ ಸಾಲು ಅರ್ಥವಾಗುವಷ್ಟು ಕೇಳಿಸಿದರೆ, ತಂಬೂರಿಯ ಝೇಂಕಾರ ಕೇಳಿಸಿದರೆ, ನೀವು ಎಸೆಯುತ್ತಿರುವುದು ಅದನ್ನೇ. ಸೆನ್ಸಿಟಿವಿಟಿ ಇಳಿಸಿ, ಮತ್ತೆ ಕೇಳಿ. ಸರಿಯಾದ ಮೇಲೆ ಮರೆಯದೆ ರೆಡ್ಯೂಸ್‌ಗೆ ಮರಳಿಸಿ ಓಕೆ ಒತ್ತಿ. ಬಿಟ್ಟರೆ ಫೈಲಿನಲ್ಲಿ ಕಸವೇ ಉಳಿಯುತ್ತದೆ.

ಎಲ್ಲಿ ನಿಲ್ಲಿಸಬೇಕು? ದನಿಯ ಸುತ್ತ ಸಣ್ಣ ಗೆಜ್ಜೆಯಂತೆ ಕಿಣಿಕಿಣಿ ಸದ್ದು ಹುಟ್ಟಿದರೆ ಜಾಸ್ತಿಯಾಯಿತು. 'ಸ', 'ಶ', 'ಷ' ಅಕ್ಷರಗಳು ಸವೆದಂತೆ ಕೇಳಿದರೂ ಅಷ್ಟೇ. ಅವುಗಳ ಸದ್ದು ಟೇಪಿನ ಸುಯ್ ಸದ್ದಿರುವ ಎತ್ತರದಲ್ಲೇ ಇರುವುದರಿಂದ ಮೊದಲು ಏಟು ತಿನ್ನುವುದು ಅವೇ. ಅರ್ಥಗಾರಿಕೆಯಲ್ಲಿ ಇವು ಸವೆದರೆ ಮಾತಿನ ಗತ್ತೇ ಹೋಗುತ್ತದೆ. ಸ್ವಲ್ಪ ಸುಯ್ ಸದ್ದು ಉಳಿಸಿಕೊಳ್ಳಿ. ಕೇಳುವವರ ಕಿವಿ ಅರೆ ನಿಮಿಷದಲ್ಲಿ ಅದಕ್ಕೆ ಹೊಂದಿಕೊಳ್ಳುತ್ತದೆ, ಕಿಣಿಕಿಣಿಗೆ ಎಂದೂ ಹೊಂದಿಕೊಳ್ಳುವುದಿಲ್ಲ. ತೀರ್ಮಾನವನ್ನು ಮಾರನೆಯ ದಿನ ಬೆಳಿಗ್ಗೆ, ಹೆಡ್‌ಫೋನ್ ಹಾಕಿ ಮಾಡಿ. ಗಂಟೆಗಟ್ಟಲೆ ಅದೇ ತುಣುಕು ಕೇಳಿದ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಕುಕ್ಕರ್ ಸೀಟಿ, ಬಸ್ಸಿನ ಹಾರ್ನ್‌ಗಳಿಗೆ ಈ ವಿಧಾನ ನಡೆಯುವುದಿಲ್ಲ. ಅವು ಒಂದೇ ಸಮನೆ ಇರುವುದಿಲ್ಲವಲ್ಲ. ಟ್ರ್ಯಾಕನ್ನು ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಬದಲಿಸಿ. ಸೀಟಿ ಒಂದು ಅಡ್ಡ ಪಟ್ಟಿಯಾಗಿ ಕಾಣುತ್ತದೆ. ಆ ಪಟ್ಟಿಯನ್ನಷ್ಟೇ ಆರಿಸಿ ಸ್ಪೆಕ್ಟ್ರಲ್ ಡಿಲೀಟ್ ಮಾಡಿ. ದನಿಯ ಮೇಲೇ ಬಿದ್ದಿದ್ದರೆ ಹಾಗೇ ಬಿಡಿ, ಮನೆಯ ಹಾಡಿನಲ್ಲಿ ಮನೆಯ ಸದ್ದು ಇದ್ದರೆ ತಪ್ಪೇನಿಲ್ಲ.

ಎಐ ಬಳಸಬಹುದಾ?

ಅಡೋಬಿ ಪಾಡ್‌ಕಾಸ್ಟಿನ ಎನ್‌ಹ್ಯಾನ್ಸ್ ಸ್ಪೀಚ್‌ನಂಥ ಎಐ ಸಲಕರಣೆಗಳು ಒಂದೇ ಕ್ಲಿಕ್ಕಿಗೆ ಗದ್ದಲ ತೆಗೆಯುತ್ತವೆ. ಸಂದರ್ಶನ, ಉಪನ್ಯಾಸ, ಪಾಡ್‌ಕಾಸ್ಟಿಗೆ ಬಹಳ ಉಪಯೋಗ. ಆದರೆ ಅವನ್ನು ಮಾಡಿರುವುದು ಮಾತಿಗಾಗಿ. ಹಾಡು ಕೊಟ್ಟರೆ ತಂಬೂರಿ, ಚಂಡೆ, ಜನರ ಚಪ್ಪಾಳೆ ಎಲ್ಲವೂ ಗದ್ದಲದ ಲೆಕ್ಕಕ್ಕೆ ಸೇರುತ್ತವೆ. ಮಾತಿನಲ್ಲೂ ಕೇಳಿಸದ ಕಡೆ ತಾವೇ ದನಿ ಕಟ್ಟಿ ತುಂಬುವುದುಂಟು. ತೀರಿಹೋದ ಹಿರಿಯರ ದನಿಗೆ ನಾನಂತೂ ಇದನ್ನು ಬಳಸುವುದಿಲ್ಲ. ಬಳಸುವುದಾದರೆ ಮೂಲದ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ ಕೇಳಿ.

ಉಳಿಸುವಾಗ

ಶುದ್ಧ ಮಾಡಿದ್ದನ್ನು 24 ಬಿಟ್ ವೇವ್ ಅಥವಾ ಫ್ಲ್ಯಾಕ್ ಆಗಿ ಉಳಿಸಿ. ಹಂಚಲು 192 ಕೆಬಿಪಿಎಸ್ ಎಂಪಿ3 ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೋನಿನ ಮುಂದೆ ಸ್ಪೀಕರ್ ಇಟ್ಟು ವಾಯ್ಸ್ ನೋಟ್ ಮಾಡಿದರೆ ಇಷ್ಟು ಹೊತ್ತಿನ ಕೆಲಸ ನೀರುಪಾಲು. ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಯಾವ ಶ್ರುತಿ, ವೇಗ ಎಷ್ಟು ಬದಲಿಸಿದಿರಿ, ಯಾವ ಯಾವ ನಾಚ್ ಹಾಕಿದಿರಿ ಅನ್ನುವುದನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ಅದೇ ಫೋಲ್ಡರಿನಲ್ಲಿಡಿ. ಮೂಲ ಫೈಲು, ಶುದ್ಧ ಫೈಲು, ಟಿಪ್ಪಣಿ ಮೂರನ್ನೂ ಕನಿಷ್ಠ ಎರಡು ಬೇರೆ ಡಿಸ್ಕಿನಲ್ಲಿ ಇಡಿ. ಕ್ಯಾಸೆಟ್ಟನ್ನೂ ಎಸೆಯಬೇಡಿ. ಅದರ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದಿಟ್ಟರೆ ಯಾರೂ ಅದರ ಮೇಲೆ ಅಪ್ಪಿತಪ್ಪಿ ರೆಕಾರ್ಡ್ ಮಾಡಲು ಆಗುವುದಿಲ್ಲ.